ಸಂಖ್ಯೆಗಳಿಂದ ನಾದ: ಮನೆಯಲ್ಲೇ ಇಲೆಕ್ಟ್ರಾನಿಕ್ ಸಂಗೀತ

ವೀಣೆ, ಕೊಳಲು, ಪಿಟೀಲು ಮೂರೂ ಒಂದೇ ಷಡ್ಜವನ್ನು ಒಂದೇ ಗಟ್ಟಿತನದಲ್ಲಿ ನುಡಿಸಿದರೂ, ಯಾವುದು ಯಾವ ವಾದ್ಯವೆಂದು ನೀವು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಿರಿ. ಆವೃತ್ತಿ ಒಂದೇ ಆಗಿದ್ದ ಮೇಲೆ ಕಿವಿ ಗುರುತಿಸಿದ್ದು ಏನನ್ನು? ಪಠ್ಯಪುಸ್ತಕ ಇದಕ್ಕೆ ‘ನಾದಗುಣ’ ಎಂದು ಹೆಸರು ಕೊಟ್ಟು ಮುಂದಿನ ಪಾಠಕ್ಕೆ ಹೋಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಾದಗುಣವನ್ನು ನಿಜವಾಗಿ ತಿಳಿಯಬೇಕಾದರೆ ಅದನ್ನು ಬಿಡಿ ಭಾಗಗಳಿಂದ ನೀವೇ ಕಟ್ಟಿ ಕೇಳಬೇಕು. ಒಂದು ಸಾಧಾರಣ ಕಂಪ್ಯೂಟರ್ ಮತ್ತು ಒಂದು ಹೆಡ್‌ಫೋನ್ ಇದ್ದರೆ ಇದು ಮನೆಯಲ್ಲೇ ಸಾಧ್ಯ.

ಹವ್ಯಾಸಿಗಳು ಹಾಕಿದ ದಾರಿ

ಇಲೆಕ್ಟ್ರಾನಿಕ್ ಸಂಗೀತದ ಇತಿಹಾಸದಲ್ಲಿ ಮನೆಯ ಮೇಜಿನ ಮೇಲೆ ನಡೆದ ಕೆಲಸಕ್ಕೆ ದೊಡ್ಡ ಪಾಲಿದೆ. ರಷ್ಯದ ಭೌತವಿಜ್ಞಾನಿ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ, ಮುಟ್ಟದೆಯೇ ನುಡಿಸುವ ‘ಥೆರೆಮಿನ್’ ವಾದ್ಯವನ್ನು ಅಮೆರಿಕದ ರಾಬರ್ಟ್ ಮೂಗ್ ಹದಿಹರೆಯದಲ್ಲೇ ಮನೆಯಲ್ಲಿ ಜೋಡಿಸಿದರು. 1954ರಲ್ಲಿ ಹವ್ಯಾಸಿಗಳ ಪತ್ರಿಕೆಯೊಂದಕ್ಕೆ ಅದರ ರಚನೆಯನ್ನು ವಿವರಿಸಿ ಲೇಖನ ಬರೆದರು. 1964ರಲ್ಲಿ ಅವರು ಸಿದ್ಧಪಡಿಸಿದ, ವೋಲ್ಟೇಜಿನಿಂದ ನಿಯಂತ್ರಿಸಬಲ್ಲ ಸಿಂಥಸೈಸರ್ ಹೆಸರಾಯಿತು. ಅಂಥದೊಂದು ಮೂಗ್ ಯಂತ್ರ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು. ನಮ್ಮ ಬೆಂಗಳೂರಿನಲ್ಲಿ, ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಇಲೆಕ್ಟ್ರಾನಿಕ್ ಶ್ರುತಿ ವಾದ್ಯವನ್ನು ರೂಪಿಸಿದರು. ಇಂದು ಅದರ ಬಗೆಯ ಪೆಟ್ಟಿಗೆಗಳಿಲ್ಲದ ಕಛೇರಿ ಅಪರೂಪ.

ಈಗ ಹವ್ಯಾಸಿಯ ಮುಂದಿರುವ ಸಮಸ್ಯೆ ಬೇರೆ. ಕೀಬೋರ್ಡಿನಲ್ಲೂ ಮೊಬೈಲ್ ಫೋನಿನಲ್ಲೂ ನೂರಾರು ಸಿದ್ಧ ಧ್ವನಿಗಳು ಸಿಗುತ್ತವೆ. ಗುಂಡಿ ಒತ್ತಿದರೆ ‘ಸಿತಾರ್’, ಇನ್ನೊಂದು ಒತ್ತಿದರೆ ‘ಕೊಳಲು’. ಇದರಿಂದ ಸಂಗೀತ ಬೇಗ ಹುಟ್ಟುತ್ತದೆ, ನಿಜ. ಆದರೆ ಆ ಪೆಟ್ಟಿಗೆಯೊಳಗೆ ಯಾರೋ ಮಾಡಿಟ್ಟ ಆಯ್ಕೆಗಳು ನಿಮ್ಮ ಕಿವಿಗೆ ನಿಯಮಗಳಂತೆ ಕೂತುಬಿಡುತ್ತವೆ. ಅದನ್ನು ತಪ್ಪಿಸಬೇಕಾದರೆ ಮೂಲದಿಂದ ಆರಂಭಿಸಬೇಕು.

ಮೊದಲ ಪ್ರಯೋಗ: ಅಲೆಗಳನ್ನು ಕೂಡುವುದು

ಕಂಪ್ಯೂಟರಿಗೆ ಧ್ವನಿ ಎಂದರೆ ಸಂಖ್ಯೆಗಳ ಸಾಲು. ಸಿ.ಡಿ. ಗುಣಮಟ್ಟದಲ್ಲಿ ಪ್ರತಿ ಸೆಕೆಂಡಿಗೆ 44,100 ಸಂಖ್ಯೆಗಳು. ಪ್ರತಿಯೊಂದೂ ಆ ಕ್ಷಣದಲ್ಲಿ ಸ್ಪೀಕರಿನ ಪರದೆ ಎಷ್ಟು ಮುಂದೆ ಅಥವಾ ಹಿಂದೆ ಇರಬೇಕೆಂಬುದನ್ನು ಹೇಳುತ್ತದೆ. ಈ ಸಂಖ್ಯೆಗಳನ್ನು ಮೈಕ್ರೊಫೋನಿನಿಂದ ಪಡೆಯಬಹುದು, ಲೆಕ್ಕ ಹಾಕಿಯೂ ಪಡೆಯಬಹುದು.

‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ 2000ದಿಂದ ಲಭ್ಯವಿದೆ. ಅದರ ‘ಜನರೇಟ್’ ಪಟ್ಟಿಯಲ್ಲಿ ‘ಟೋನ್’ ಆರಿಸಿ, 200 ಹರ್ಟ್ಸ್‌ನ ಸೈನ್ ಅಲೆಯನ್ನು 0.4 ಪಾರದಲ್ಲಿ (ಅಲೆಯ ಎತ್ತರ) ಉತ್ಪಾದಿಸಿ. ಕೇಳಲು ಇದು ಸಪ್ಪೆ. ಈಗ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ 400, 600, 800, 1000 ಹರ್ಟ್ಸ್‌ನ ಅಲೆಗಳನ್ನು ಕ್ರಮವಾಗಿ 0.2, 0.13, 0.1, 0.08 ಪಾರದಲ್ಲಿ ಸೇರಿಸಿ ಒಟ್ಟಿಗೆ ನುಡಿಸಿ. ಐದು ಸ್ವರಗಳು ಕೇಳಬೇಕಲ್ಲವೇ? ಕೇಳುವುದು ಒಂದೇ ಸ್ವರ, ಅದೇ 200 ಹರ್ಟ್ಸ್‌ನ ಷಡ್ಜ. ಆದರೆ ಈಗ ಅದಕ್ಕೆ ಹೊಳಪು ಬಂದಿದೆ. ಮೂಲ ಆವೃತ್ತಿಯ ಪೂರ್ಣಾಂಕ ಗುಣಕಗಳಾದ ಈ ‘ಸಂಗತ’ಗಳನ್ನು ಕಿವಿ ಒಂದೇ ನಾದವಾಗಿ ಬೆಸೆಯುತ್ತದೆ. 400 ಮತ್ತು 800ರ ಟ್ರ್ಯಾಕ್‌ಗಳನ್ನು ಮೌನಗೊಳಿಸಿ ನೋಡಿ. ಬೆಸ ಸಂಗತಗಳಷ್ಟೇ ಉಳಿದು ನಾದ ಟೊಳ್ಳಾಗುತ್ತದೆ.

ಎಚ್ಚರಿಕೆ: ಹೆಡ್‌ಫೋನಿನ ಧ್ವನಿಯನ್ನು ತೀರ ತಗ್ಗಿಸಿ ಆರಂಭಿಸಿ. ಶುದ್ಧ ಸ್ವರಗಳು ನಮಗೆ ತಿಳಿಯದಂತೆಯೇ ಕಿವಿಗೆ ಹೊರೆಯಾಗಬಲ್ಲವು.

ಎರಡನೆಯ ಪ್ರಯೋಗ: ಕೀಬೋರ್ಡಿನ ಗಾಂಧಾರ

ನಮ್ಮ ಸಂಗೀತಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗವಿದು. ಷಡ್ಜ 200 ಹರ್ಟ್ಸ್ ಆದರೆ, 5:4 ಅನುಪಾತದ ಅಂತರ ಗಾಂಧಾರ 250 ಹರ್ಟ್ಸ್. ಕೀಬೋರ್ಡಿನಲ್ಲಿ ಹಾಗಿಲ್ಲ. ಅದು ಸ್ಥಾಯಿಯನ್ನು ಹನ್ನೆರಡು ಸಮ ಅನುಪಾತಗಳಾಗಿ ಒಡೆಯುವುದರಿಂದ, ಅದೇ ಗಾಂಧಾರ ಅಲ್ಲಿ ಸುಮಾರು 252 ಹರ್ಟ್ಸ್. ಎರಡೇ ಹರ್ಟ್ಸ್ ವ್ಯತ್ಯಾಸ ತಾನೇ ಎನ್ನಬೇಡಿ.

ಈ ಸಲ ಸೈನ್ ಅಲೆಯ ಬದಲು ‘ಸಾಟೂತ್’, ಅಂದರೆ ಗರಗಸದ ಹಲ್ಲಿನಾಕಾರದ ಅಲೆ ಆರಿಸಿ. ಅದರಲ್ಲಿ ಎಲ್ಲ ಸಂಗತಗಳೂ ಇರುತ್ತವೆ. 200 ಮತ್ತು 250 ಹರ್ಟ್ಸ್‌ಗಳನ್ನು 0.3 ಪಾರದಲ್ಲಿ ಒಟ್ಟಿಗೆ ನುಡಿಸಿ. ನಾದ ಅಲುಗಾಡದೆ ನಿಲ್ಲುತ್ತದೆ. ಬಳಿಕ 250ರ ಜಾಗದಲ್ಲಿ 252 ಇಡಿ. ಒಂದು ಬಗೆಯ ನಡುಕ ಕೇಳಿಸುತ್ತದೆ. ಕಾರಣ ಸರಳ: 200ರ ಐದನೆಯ ಸಂಗತ 1000, 252ರ ನಾಲ್ಕನೆಯ ಸಂಗತ 1008. ಇವೆರಡು ಸೇರಿ ಸೆಕೆಂಡಿಗೆ 8 ಬಾರಿ ಏರಿಳಿಯುತ್ತವೆ. ಭೌತಶಾಸ್ತ್ರದ ತರಗತಿಯಲ್ಲಿ ‘ಬೀಟ್ಸ್’ ಅಥವಾ ವಿಸ್ಪಂದ ಎಂದು ಕಲಿತದ್ದು ಇದನ್ನೇ. ಪಂಚಮದಲ್ಲಿ ದೋಷ ಅಲ್ಪ. ಇರಬೇಕಾದದ್ದು 300 ಹರ್ಟ್ಸ್, ಕೀಬೋರ್ಡ್ ಕೊಡುವುದು 299.66.

ಕೀಬೋರ್ಡ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಯಾವ ಮನೆಯಿಂದ ಬೇಕಾದರೂ ಷಡ್ಜ ಹಿಡಿಯುವ ಅನುಕೂಲಕ್ಕಾಗಿ ಪಾಶ್ಚಾತ್ಯ ಸಂಗೀತ ಮಾಡಿಕೊಂಡ ಒಪ್ಪಂದ ಅದು. ಒಂದೇ ಷಡ್ಜದ ಮೇಲೆ ನಿಲ್ಲುವ ನಮ್ಮ ಸಂಗೀತಕ್ಕೆ ಆ ಒಪ್ಪಂದದ ಅಗತ್ಯವಿಲ್ಲ. ತಂಬೂರಿಯ ಮಂದ್ರ ತಂತಿಯನ್ನು ಗಮನವಿಟ್ಟು ಕೇಳಿದರೆ ಅದರ ಐದನೆಯ ಸಂಗತವಾಗಿ ಗಾಂಧಾರ ತಾನಾಗಿಯೇ ಕೇಳಿಬರುತ್ತದೆ. ಅದು 5:4ರ ಗಾಂಧಾರ. ಕೀಬೋರ್ಡಿನ ಮುಂದಷ್ಟೇ ಕೂತು ಅಭ್ಯಾಸ ಮಾಡುವ ವಿದ್ಯಾರ್ಥಿಯ ಕಿವಿಗೆ ಈ ಗಾಂಧಾರವೇ ಅಪಸ್ವರವಾಗಿ ಕೇಳಿಸುವ ಅಪಾಯವಿದೆ. ಸಂಖ್ಯೆಯನ್ನು ತಾನೇ ಆರಿಸುವ ಹವ್ಯಾಸಿಗೆ ಈ ತೊಡಕಿಲ್ಲ. ಅವನು 250 ಎಂದು ಬರೆದರೆ 250 ಬರುತ್ತದೆ.

ಮೂರನೆಯ ಪ್ರಯೋಗ: ತಂತಿಯಿಲ್ಲದ ತಂತಿವಾದ್ಯ

ಸಂಗತಗಳ ಪಟ್ಟಿಯೊಂದರಿಂದಲೇ ನಾದ ತೀರ್ಮಾನವಾಗುವುದಿಲ್ಲ. ವೀಣೆಯ ಒಂದು ಮೀಟನ್ನು ಧ್ವನಿಮುದ್ರಿಸಿ ಹಿಂದುಮುಂದಾಗಿ ನುಡಿಸಿ. ಸಂಗತಗಳು ಅವೇ, ಅವುಗಳ ಒಟ್ಟು ಶಕ್ತಿಯೂ ಅಷ್ಟೇ. ಆದರೂ ಅದು ವೀಣೆಯಂತೆ ಕೇಳಿಸುವುದಿಲ್ಲ. ನಾದ ಹೇಗೆ ಹುಟ್ಟಿ ಹೇಗೆ ಕ್ಷೀಣಿಸುತ್ತದೆಂಬುದೂ ವಾದ್ಯದ ಗುರುತಿನ ಭಾಗ.

ಇದನ್ನು ಸೊಗಸಾಗಿ ತೋರಿಸುವ ವಿಧಾನವನ್ನು ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದರು. −1 ಮತ್ತು +1ರ ನಡುವಿನ 300 ಸಂಖ್ಯೆಗಳನ್ನು ಮನಬಂದಂತೆ ಬರೆಯಿರಿ. 301ನೆಯ ಸಂಖ್ಯೆಯಾಗಿ ಮೊದಲನೆಯ ಮತ್ತು ಎರಡನೆಯ ಸಂಖ್ಯೆಗಳ ಸರಾಸರಿ ಇಡಿ. 302ನೆಯದಾಗಿ ಎರಡನೆಯ ಮತ್ತು ಮೂರನೆಯ ಸಂಖ್ಯೆಗಳ ಸರಾಸರಿ. ಹೀಗೆಯೇ 88,200 ಸಂಖ್ಯೆಗಳವರೆಗೆ ಮುಂದುವರಿಸಿದರೆ ಎರಡು ಸೆಕೆಂಡಿನ ಧ್ವನಿ ಸಿದ್ಧ. ಪೈಥಾನ್ ಭಾಷೆಯಲ್ಲಿ ಇದಕ್ಕೆ ಹತ್ತು–ಹದಿನೈದು ಸಾಲು ಸಾಕು.

ಆರಂಭದ ಸಂಖ್ಯೆಗಳು ಬರೀ ಗದ್ದಲ. ಆದರೂ ಕೇಳುವುದು ಮೀಟಿದ ತಂತಿಯ ನಾದ! ಇದರ ಗುಟ್ಟು ಹೀಗಿದೆ: ಆ 300 ಸಂಖ್ಯೆಗಳು ತಂತಿಯಲ್ಲಿ ಅತ್ತಿಂದಿತ್ತ ಓಡುವ ಅಲೆಯ ಆಕಾರದಂತೆ ಮತ್ತೆ ಮತ್ತೆ ಮರಳುತ್ತವೆ. ಈ ಮರುಕಳಿಕೆಯಿಂದ ನಿಶ್ಚಿತ ಆವೃತ್ತಿ ಹುಟ್ಟುತ್ತದೆ. ಸರಾಸರಿ ತೆಗೆದಾಗಲೆಲ್ಲ ಮೊನಚಾದ ಏರಿಳಿತಗಳು ನಯವಾಗುತ್ತವೆ, ಅಂದರೆ ಎತ್ತರದ ಸಂಗತಗಳು ಮೊದಲು ಸಾಯುತ್ತವೆ. ನಿಜವಾದ ತಂತಿಯಲ್ಲೂ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ಸರಾಸರಿಯಿಂದ ವಿಳಂಬ ಅರ್ಧ ಸಂಖ್ಯೆಯಷ್ಟು ಕಡಿಮೆಯಾಗುವುದರಿಂದ ಆವೃತ್ತಿ 44,100 ÷ 299.5, ಅಂದರೆ ಸುಮಾರು 147.2 ಹರ್ಟ್ಸ್.

ಇನ್ನು ಮಿತಿಯನ್ನೂ ನೋಡಿ. 300ರ ಬದಲು 299 ಇಟ್ಟರೆ ಆವೃತ್ತಿ ಅರ್ಧ ಹರ್ಟ್ಸ್‌ನಷ್ಟೇ ಏರುತ್ತದೆ. 50ರ ಬದಲು 49 ಇಟ್ಟರೆ 891ರಿಂದ 909ಕ್ಕೆ ಜಿಗಿಯುತ್ತದೆ. ತಾರಸ್ಥಾಯಿಯಲ್ಲಿ ಶ್ರುತಿ ಸೇರಿಸಲು ಪೂರ್ಣಸಂಖ್ಯೆಗಳು ಸಾಲವು. ಈ ಕೊರತೆಯನ್ನು ಹೇಗೆ ನೀಗಿಸಬಹುದೆಂದು ಯೋಚಿಸುವುದು ಪದವಿ ವಿದ್ಯಾರ್ಥಿಗೆ ಒಳ್ಳೆಯ ಯೋಜನಾಕಾರ್ಯ.

ತಂಬೂರಿ ಒಡ್ಡುವ ಸವಾಲು

ಹೀಗೆ ತಯಾರಾದ ತಂತಿ ಗಿಟಾರಿಗೆ ಹತ್ತಿರ, ತಂಬೂರಿಗೆ ದೂರ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಸಂಗತಕ್ಕೆ ನಿಶ್ಚಲಬಿಂದು ಇದೆಯೋ ಆ ಸಂಗತ ಹುಟ್ಟಬಾರದೆಂಬುದು ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅಂಥ ಸಂಗತಗಳೂ ಸ್ಪಷ್ಟವಾಗಿ ಕೇಳಿಸುತ್ತವೆಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿಕೊಟ್ಟರು. ಬಾಗಿದ ಮೇಲ್ಮೈಯ ಕುದುರೆಯನ್ನು ತಂತಿ ಸವರುತ್ತ ಕಂಪಿಸುವುದರಿಂದ ಶಕ್ತಿ ಕೆಳಗಿನ ಸಂಗತಗಳಿಂದ ಮೇಲಿನವಕ್ಕೆ ಹರಿಯುತ್ತಿರುತ್ತದೆ. ಅದಕ್ಕೇ ತಂಬೂರಿಯ ನಾದ ಮೀಟಿದ ಮೇಲೆ ಅರಳುತ್ತದೆ. ಕುದುರೆಯ ಮೇಲಿನ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಬದಲಾಗುವುದು ಇದರಿಂದಲೇ. ಬರೀ ಸರಾಸರಿಯ ಲೆಕ್ಕದಲ್ಲಿ ಈ ಹರಿವಿಗೆ ಜಾಗವಿಲ್ಲ. ಅದನ್ನು ಸೇರಿಸಲು ಹೊರಟರೆ ನೀವು ರಾಮನ್ನರ ಪ್ರಶ್ನೆಯನ್ನೇ ಮನೆಯ ಕಂಪ್ಯೂಟರಿನಲ್ಲಿ ಕೈಗೆತ್ತಿಕೊಂಡಂತೆ.

ಶಿಕ್ಷಕರಿಗೆ ಒಂದು ಸೂಚನೆ. ಈ ಪ್ರಯೋಗಗಳನ್ನು ತರಗತಿಯಲ್ಲಿ ಮಾಡಿಸುವಾಗ, ಏನು ಕೇಳಬಹುದೆಂಬುದನ್ನು ವಿದ್ಯಾರ್ಥಿಗಳು ಮೊದಲೇ ಪುಸ್ತಕದಲ್ಲಿ ಬರೆಯಲಿ. ಗುಂಡಿ ಒತ್ತುವುದು ಆಮೇಲೆ. ಊಹೆಗೂ ಕೇಳಿದ್ದಕ್ಕೂ ವ್ಯತ್ಯಾಸ ಬಂದ ಕಡೆ ಚರ್ಚೆಗೆ ಸಮಯ ಕೊಡಿ. ಹಾಡುವ ಮಕ್ಕಳು ಅಲ್ಲಿದ್ದರೆ ಗಾಂಧಾರದ ಪ್ರಯೋಗದಲ್ಲಿ ಅವರ ಕಿವಿಯನ್ನು ನಂಬಿ. 250ನ್ನೂ 252ನ್ನೂ ಅವರು ನಿಮಗಿಂತ ಬೇಗ ಬೇರ್ಪಡಿಸಿಯಾರು.