ಏಳನೇ ಪ್ರಶ್ನೆಗೆ ಅಣ್ಣ ಏನು ಬರೆಯಬೇಕು?

ಕಳೆದ ತಿಂಗಳು ಅಣ್ಣನಿಗೆ ಕಂಪನಿಯೊಂದರಿಂದ ಆಫರ್ ಲೆಟರ್ ಬಂತು. ಜತೆಗೊಂದು ಮೆಡಿಕಲ್ ಫಾರ್ಮ್. ಅದರಲ್ಲಿ ಏಳನೇ ಪ್ರಶ್ನೆ: ಹಿಂದೆ ಯಾವುದಾದರೂ ಗಂಭೀರ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ? ಅಣ್ಣನ ಪೆನ್ನು ಅಲ್ಲೇ ನಿಂತಿತು. ‘ಬರೀಬ್ಯಾಡಪಾ, ಮುಗದ ಹೋದ ಮಾತದು’ ಎಂದಳು ಅವ್ವ, ಅಡುಗೆಮನೆಯಿಂದಲೇ. ಅಣ್ಣ ನನ್ನ ಕಡೆ ತಿರುಗಿದ. ‘ನೀ ಸೈನ್ಸ್ ಓದಾಕಿ, ಹೇಳು. ಮುಗದೈತೇನು?’

ಆರನೇ ವಯಸ್ಸಿನಲ್ಲಿ ಅವನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಆಗ ನನಗೆ ನಾಲ್ಕು ವರ್ಷ. ನೆನಪಿರುವುದು ಒಂದೇ: ಅವನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ, ಶರಬತ್ತಿನಂತೆ ಕೆಂಪಗಿದ್ದ ಔಷಧಿ. ನನಗೂ ಬೇಕೆಂದು ಅತ್ತಿದ್ದೆನಂತೆ. ಈಗ ಅವನಿಗೆ 24. ನೋಡಿದರೆ ಯಾರೂ ನಂಬುವುದಿಲ್ಲ.

ಉತ್ತರ ಹುಡುಕಲು ಕೂತೆ. 1948ರವರೆಗೆ ಇಂಥ ಮಕ್ಕಳಿಗೆ ಔಷಧಿ ಎಂಬುದೇ ಇರಲಿಲ್ಲ. ಆ ವರ್ಷ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಕೆಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದರು. ಅವರು ಬಳಸಿದ ಔಷಧಿ ಬಂದದ್ದು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. (ನಮ್ಮ ಪಠ್ಯದಲ್ಲಿ ಈ ಹೆಸರು ನಾನು ಕಂಡಿಲ್ಲ.)

ಮಕ್ಕಳು ಬದುಕತೊಡಗಿದ ಮೇಲೆ ಹೊಸ ಪ್ರಶ್ನೆ ಹುಟ್ಟಿತು: ದೊಡ್ಡವರಾದ ಮೇಲೆ ಇವರು ಹೇಗಿರುತ್ತಾರೆ? 1994ರಲ್ಲಿ ಅಮೆರಿಕ, ಕೆನಡಾದ ಆಸ್ಪತ್ರೆಗಳು ಸೇರಿ ಇದಕ್ಕಾಗಿಯೇ ದೊಡ್ಡ ಅಧ್ಯಯನ ಶುರುಮಾಡಿದವು. 2006ರಲ್ಲಿ ಬಂದ ಒಂದು ವರದಿಯಲ್ಲಿ ಗುಣವಾದ 10,397 ಮಂದಿಯನ್ನು ಹೋಲಿಸಿದ್ದು ಯಾರ ಜತೆ ಗೊತ್ತೇ? ಇಂಥವರ 3,034 ಅಣ್ಣ ತಮ್ಮ, ಅಕ್ಕ ತಂಗಿಯರ ಜತೆ. ಅಂದರೆ ನನ್ನಂಥವರ ಜತೆ! ಗುಣವಾದವರ ಸರಾಸರಿ ವಯಸ್ಸು 27ರ ಒಳಗೆ. ಆದರೂ ನೂರಕ್ಕೆ 62 ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆ ಇತ್ತು. ಗಂಭೀರ ತೊಂದರೆಯ ಸಾಧ್ಯತೆ ಒಡಹುಟ್ಟಿದವರಿಗಿಂತ 8 ಪಟ್ಟು ಹೆಚ್ಚು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಅವರೆಲ್ಲ 1970ರಿಂದ 86ರ ನಡುವೆ ರೋಗ ಪತ್ತೆಯಾದವರು. ತಲೆಗೆ ವಿಕಿರಣ ಕೊಡುವುದು ಆಗ ಸಾಮಾನ್ಯವಾಗಿತ್ತು. ಅದರಿಂದ ಕಲಿಕೆ, ಎತ್ತರ ಎರಡಕ್ಕೂ ಪೆಟ್ಟು ಬೀಳುತ್ತಿತ್ತು. ಇಂಥ ಸಂಶೋಧನೆ ನೋಡಿಯೇ ವೈದ್ಯರು ವಿಕಿರಣ ಕಡಿಮೆ ಮಾಡಿದರು, ಔಷಧಿಯ ಪ್ರಮಾಣ ಇಳಿಸಿದರು. ಐದು ವರ್ಷ ಬದುಕಿ ಉಳಿದವರಲ್ಲಿ, ಮುಂದಿನ ಹದಿನೈದು ವರ್ಷಗಳಲ್ಲಿ ಸಾಯುವವರ ಪ್ರಮಾಣ 70ರ ದಶಕದ ಆರಂಭದಲ್ಲಿ ಶೇ 12.4 ಇದ್ದದ್ದು 90ರ ದಶಕದ ಹೊತ್ತಿಗೆ ಶೇ 6ಕ್ಕೆ ಇಳಿಯಿತು.

ಇನ್ನು ಆ ಕೆಂಪು ಔಷಧಿ. ಆಂಥ್ರಾಸೈಕ್ಲಿನ್ ಎಂಬ ಗುಂಪಿನದು. ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ, ಹೃದಯದ ಸ್ನಾಯುವನ್ನೂ ಬಿಡುವುದಿಲ್ಲ. ತೊಂದರೆ ಎಷ್ಟೋ ವರ್ಷಗಳ ನಂತರ ಕಾಣಿಸಬಹುದು. ದೇಹದ ಮೇಲ್ಮೈಯ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ದಾಟಿದವರಿಗೆ ಅಪಾಯ ಹೆಚ್ಚು. ಹಾಗಾಗಿ ಆಗಾಗ ಎಕೋ ಮಾಡಿಸಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದ ಮಕ್ಕಳಿಗೆಂದೇ 1991ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ನಮಗೆ ಯಾರೂ ಇದನ್ನು ಹೇಳಿರಲಿಲ್ಲ.

ಅಣ್ಣನನ್ನು ಹೃದಯದ ಡಾಕ್ಟರ ಬಳಿ ಕರೆದೊಯ್ದೆ. ‘ಯಾವ ಔಷಧಿ, ಒಟ್ಟು ಎಷ್ಟು?’ ಅವರ ಮೊದಲ ಪ್ರಶ್ನೆ. ಫೈಲ್ ಹಳೇ ಮನೆಯಲ್ಲಿ ಗೆದ್ದಲಿನ ಪಾಲಾಗಿತ್ತು. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿದರೆ, ‘ಅಷ್ಟು ಹಳೇ ದಾಖಲೆ ಸಿಗಲ್ಲ’ ಎಂದರು. ಎಕೋ ಮಾತ್ರ ನಾರ್ಮಲ್ ಬಂತು. ಎರಡು ವರ್ಷ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.

ಏಳನೇ ಪ್ರಶ್ನೆಗೆ ಅಣ್ಣ ‘ಹೌದು’ ಎಂದು ಬರೆದ. ಎಕೋ ರಿಪೋರ್ಟನ್ನು ಪಿನ್ ಮಾಡಿ ಕಳಿಸಿದ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಮೊನ್ನೆ ತಾನಾಗಿಯೇ ಟ್ರಂಕಿನ ತಳದಿಂದ ಹಳೇ ಔಷಧಿ ಚೀಟಿಗಳ ಕಟ್ಟೊಂದನ್ನು ತೆಗೆದು ಅವನ ಮುಂದಿಟ್ಟಳು. ನಾಲ್ಕು ಚೀಟಿಗಳಲ್ಲಿ ಡೋಸ್ ಓದಲು ಬರುತ್ತದೆ. ಉಳಿದವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ನೋಡಬೇಕು.