ಉಂಡ ರೊಟ್ಟಿ ಕಸುವಾಗುವ ಬಗೆ

ಒಂದು ಶಿವರಾತ್ರಿಯಂದು, ಬೆಳಿಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಸಿಕೊಂಡು ಉಪವಾಸವಿದ್ದ ಹಿರಿಯ ತಾಯಿಯೊಬ್ಬರು ಬೆವರಿ, ನಡುಗಿ, ಮಾತು ತೊದಲತೊಡಗಿದರು. ಆಯಾಸವಿದ್ದೀತೆಂದು ಮನೆಯವರು ತಿಳಿದರು. ಅಲ್ಲಿದ್ದ ನಾವೂ ಹಾಗೆಯೇ ತಿಳಿದೆವು. ತಪ್ಪು ತಿಳಿದಿದ್ದೆವು. ಅವರ ಮೆದುಳಿಗೆ ಸಕ್ಕರೆ ಸಾಲದಾಗಿತ್ತು.

ರೊಟ್ಟಿಯು ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅಷ್ಟಕ್ಕೇ ಅದು ಕಸುವಾಗದು; ಜೀವಕೋಶದ ಒಳಹೊಕ್ಕು ಒಡೆಯಬೇಕು. ಸಕ್ಕರೆಯನ್ನು ಒಲೆಗೆಸೆದರೆ ಶಾಖವೆಲ್ಲ ಒಮ್ಮೆಗೇ ಹೊರಟುಹೋಗುತ್ತದೆ. ಜೀವಕೋಶವಾದರೋ ಹತ್ತು ಮೆಟ್ಟಿಲುಗಳಲ್ಲಿ, ಪ್ರತಿ ಮೆಟ್ಟಿಲಿಗೂ ಒಂದೊಂದು ಕಿಣ್ವದ ನೆರವಿನಿಂದ, ಗ್ಲೂಕೋಸಿನ ಒಂದು ಅಣುವನ್ನು ಪೈರುವಿಕ್ ಆಮ್ಲದ ಎರಡು ಅಣುಗಳಾಗಿ ಒಡೆಯುತ್ತದೆ. ದೊರೆತ ಶಕ್ತಿಯಲ್ಲಿ ಒಂದು ಪಾಲನ್ನು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಡುತ್ತದೆ. ಇದು ಶರೀರದ ಚಿಲ್ಲರೆ ಹಣ. ಸೋಜಿಗವೆಂದರೆ, ಮೊದಲು ಜೀವಕೋಶವೇ 2 ಎಟಿಪಿ ವೆಚ್ಚ ಮಾಡಬೇಕು. ಬಿತ್ತದೆ ಬೆಳೆಯೆಲ್ಲಿಯದು? ಕೊನೆಗೆ 4 ಕೈಸೇರುತ್ತವೆ, ಉಳಿತಾಯ 2. ಮುಂದೆ ಮೈಟೊಕಾಂಡ್ರಿಯಾ ಎಂಬ ಕಣಗಳಲ್ಲಿ ಆಮ್ಲಜನಕದ ಸಹಾಯದಿಂದ ಈ ಆಮ್ಲವೂ ಪೂರ್ಣವಾಗಿ ಒಡೆದರೆ ಒಟ್ಟು ಗಳಿಕೆ ಸುಮಾರು 30ರಿಂದ 32.

ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯಾ ಇಲ್ಲ. ಊರಿಗೆಲ್ಲ ಆಮ್ಲಜನಕ ಹೊರುವ ಅದು ತಾನು ಅದನ್ನು ಬಳಸದೆ, ಆ 2 ಎಟಿಪಿಯ ಗಳಿಕೆಯಲ್ಲಿಯೇ ಸುಮಾರು 120 ದಿನ ಬಾಳುತ್ತದೆ. ಅದು ಹೊರಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನು ಯಕೃತ್ತು ಮತ್ತೆ ಸಕ್ಕರೆಯಾಗಿಸುತ್ತದೆ. ಸ್ನಾಯು ಮತ್ತು ಯಕೃತ್ತುಗಳ ನಡುವೆ ನಡೆಯುವ ಇಂಥದೇ ಸುತ್ತನ್ನು ಕಂಡುಹಿಡಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳು. 1947ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು.

ಇನ್ನು ಮೆದುಳು. ದೇಹದ ತೂಕದಲ್ಲಿ ನೂರಕ್ಕೆ 2 ಭಾಗವಾದರೂ, ವಿಶ್ರಾಂತಿಯಲ್ಲಿರುವಾಗ ವೆಚ್ಚವಾಗುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಸಕ್ಕರೆಯ ದಾಸ್ತಾನು ಅದರಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಸ್ನಾಯು, ಕೊಬ್ಬಿನ ಕೋಶಗಳಿಗೆ ದಾಟಿಸುತ್ತದೆ. ಯಕೃತ್ತು ಸಕ್ಕರೆ ಬಿಡುವುದನ್ನೂ ತಡೆಯುತ್ತದೆ. ಚುಚ್ಚುಮದ್ದು ಒಳಹೋಗಿ ಊಟ ಬಾರದಿದ್ದರೆ ಮೆದುಳು ಉಪವಾಸ ಬೀಳುತ್ತದೆ.

ಆ ದಿನ ನೆರೆಮನೆಯ ನರ್ಸ್ ಬಂದು ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಹೊತ್ತಿನಲ್ಲಿ ತಾಯಿ ನಮ್ಮನ್ನು ಗುರುತಿಸಿದರು. ಎಚ್ಚರವಿದ್ದವರಿಗೆ ಮಾತ್ರ ಹೀಗೆ ಕುಡಿಸಬೇಕೆಂದೂ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕೆಂದೂ ಆಕೆ ಹೇಳಿದರು. ಮರುವರ್ಷ ಆ ತಾಯಿ ವೈದ್ಯರನ್ನು ಕೇಳಿಯೇ ವ್ರತ ಹಿಡಿದರು.