ಕಲಬುರಗಿಯ ಕೋಟೆಯಲ್ಲಿ ‘ವೇಕೆಂಟ್’

ಕಲಬುರಗಿಯ ಕೋಟೆಯ ಬಾಗಿಲನ್ನು ದಾಟಿ, ವಿಶಾಲವಾದ ಬಯಲಿನಲ್ಲಿ ಏಕಾಕಿಯಾಗಿ ನಿಂತಿರುವ ಬಾಲಾ ಹಿಸ್ಸಾರ್ ಎಂಬ ಘನಗಾತ್ರದ ಕಟ್ಟಡವನ್ನು ಕಾಣುವವರು, ಇಂಗ್ಲಿಷಿನ ‘ವೇಕೆಂಟ್’ ಎಂಬ ಪದವನ್ನು ಕಂಠಪಾಠ ಮಾಡುವುದಕ್ಕಿಂತ ಇಲ್ಲಿ ಕ್ಷಣಕಾಲ ನಿಂತು ಅರಿತುಕೊಳ್ಳುವುದೇ ಲೇಸೆಂದು ನಾನು ಬಗೆದಿದ್ದೇನೆ.

ಒಬ್ಬರಿಗೆಂದು ಮೀಸಲಾದ ಸ್ಥಾನವು ಅವರಿಲ್ಲದೆ ತೆರವಾಗಿರುವುದನ್ನು ಆ ಪದ ಸೂಚಿಸುತ್ತದೆ. 1347ರಲ್ಲಿ ಬಹಮನಿ ರಾಜ್ಯವು ಉದಯಿಸಿದ ಬಳಿಕ ರಾಜಧಾನಿಯಾಗಿ ಮೆರೆದ ಈ ನಗರವನ್ನು, ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಸುಲ್ತಾನ ಒಂದನೆಯ ಅಹಮದ್ ಶಾಹನು ತೊರೆದು ಬೀದರಿಗೆ ತೆರಳಲು, ಗೋಡೆ, ಕಂದಕ, ಬುರುಜುಗಳು ಇಲ್ಲಿಯೇ ಉಳಿದವಾದರೂ ಅರಸನ ಪೀಠವು ತೆರವಾಯಿತು. ಅಂತಹ ಪೀಠವೇ ‘ವೇಕೆಂಟ್’.

ಬುರುಜಿನ ಮೇಲಿನ ನೀಳವಾದ ಫಿರಂಗಿಯ ಕೊಳವೆಯಾದರೋ ಒಳಗೆ ಟೊಳ್ಳು, ಅದು ‘ವೇಕೆಂಟ್’ ಅಲ್ಲ, ‘ಹಾಲೋ’.

ಇನ್ನು 1367ರಲ್ಲಿ ನಿರ್ಮಿತವಾಗಿ, ತೆರೆದ ಅಂಗಳವೇ ಇಲ್ಲದೆ ಆದ್ಯಂತವಾಗಿ ಛಾವಣಿ ಹೊದ್ದು, ಕಮಾನಿನ ಹಿಂದೆ ಕಮಾನು ಸಾಲುಗಟ್ಟಿ ನೋಡುಗರ ಮನವನ್ನು ಸೆಳೆಯುವ ಅಪೂರ್ವವಾದ ಜಾಮಾ ಮಸೀದಿಯು, ಜನರಿಲ್ಲದ ವೇಳೆಯಲ್ಲಿ ಬರಿದು ಎಂಬರ್ಥದ ‘ಎಂಪ್ಟಿ’ ಎನಿಸಬಹುದಲ್ಲದೆ ‘ವೇಕೆಂಟ್’ ಎನಿಸದು. ಯಾವ ಉತ್ತರಾಧಿಕಾರಿಗಾಗಿಯೂ ಅದು ಕಾದಿಲ್ಲ.

‘ವೇಕೆಂಟ್’ ಎಂದು ಉಚ್ಚರಿಸುವಾಗ ಮೊದಲನೆಯ ‘ವೇ’ ಅಕ್ಷರಕ್ಕೆ ಒತ್ತು ಕೊಡಿರಿ. ರಜೆಯನ್ನು ಹೇಳುವ ‘ವೇಕೇಷನ್’, ಖಾಲಿ ಹುದ್ದೆಯನ್ನು ಹೇಳುವ ‘ವೇಕೆನ್ಸಿ’ ಇವೆರಡೂ ಆ ಪದದ ಲ್ಯಾಟಿನ್ ಮೂಲದಿಂದಲೇ ಹುಟ್ಟಿದ ಸೋದರ ಪದಗಳು. ನಾಳಿನ ಪತ್ರಿಕೆಯ ಉದ್ಯೋಗ ಪ್ರಕಟಣೆಗಳಲ್ಲಿ ‘ವೇಕೆಂಟ್’ ಪದವನ್ನು ಹುಡುಕಿ, ಅಲ್ಲಿ ತೆರವಾಗಿರುವುದು ಯಾವ ಸ್ಥಾನವೆಂಬುದನ್ನು ನಿಮ್ಮದೇ ಒಂದು ಇಂಗ್ಲಿಷ್ ವಾಕ್ಯದಲ್ಲಿ ಬರೆದುನೋಡಿರಿ.